ಹಸಿದ ಜೀವಕೋಶ

ಬರಗಾಲ ಬಂದಾಗ ಜಾಣನಾದ ಗೃಹಸ್ಥನು ಮೊದಲು ತನ್ನ ಮನೆಯನ್ನೇ ಒಮ್ಮೆ ಶೋಧಿಸುತ್ತಾನೆ. ಅಟ್ಟದ ಮೇಲೆ ಬಿದ್ದಿರುವ ಒಡಕು ಹಿತ್ತಾಳೆಯ ಪಾತ್ರೆ, ಮೂಲೆಯಲ್ಲಿರುವ ಮುರಿದ ನೇಗಿಲು, ಸವೆದುಹೋದ ಗಾಡಿಯ ಗಾಲಿ ಇವೆಲ್ಲ ಆಗ ಹೊರಗೆ ಬರುತ್ತವೆ. ಒಡಕು ಪಾತ್ರೆ ಕರಗಿ ಹೊಸ ಪಾತ್ರೆಯಾಗುತ್ತದೆ. ಮುರಿದ ಮರ ಒಲೆಗೆ ಸೌದೆಯಾಗುತ್ತದೆ. ಹೊರಗಿನಿಂದ ಏನೂ ಬಾರದ ದಿನಗಳಲ್ಲಿ ಮನೆಯೊಳಗಿನ ಹಳತೇ ಮನೆಯವರನ್ನು ಕಾಯುತ್ತದೆ. ಆದರೆ ಎಂತಹ ಕಷ್ಟದಲ್ಲಿಯೂ ಆತನು ಮನೆಯ ಕಂಬವನ್ನು ಕಡಿದು ಒಲೆಗೆ ಹಾಕುವುದಿಲ್ಲ. ಯಾವುದನ್ನು ಒಡೆಯಬೇಕು, ಯಾವುದನ್ನು ಉಳಿಸಬೇಕು ಎಂಬ ವಿವೇಕ ಅವನಿಗೆ ಇರುತ್ತದೆ.

ಇಂತಹದೊಂದು ಏರ್ಪಾಡು ನಮ್ಮ ಶರೀರದ ಜೀವಕೋಶಗಳಲ್ಲಿಯೂ ಉಂಟು. ವಯಸ್ಕನಾದ ಮನುಷ್ಯನು ದಿನವೊಂದಕ್ಕೆ ತಿನ್ನುವ ಪ್ರೋಟೀನ್ ಸುಮಾರು ೭೦ ಗ್ರಾಂ. ಆದರೆ ಅವನ ಶರೀರವು ದಿನವೂ ಹೊಸದಾಗಿ ಕಟ್ಟುವ ಪ್ರೋಟೀನ್ ಸುಮಾರು ೨೦೦ರಿಂದ ೩೦೦ ಗ್ರಾಂ. ಉಳಿದ ಸಾಮಗ್ರಿ ಎಲ್ಲಿಂದ ಬರುತ್ತದೆ? ಶರೀರವು ತನ್ನ ಹಳೆಯ ಪ್ರೋಟೀನುಗಳನ್ನೇ ಒಡೆದು, ಆ ಚೂರುಗಳಿಂದಲೇ ಹೊಸದನ್ನು ಕಟ್ಟಿಕೊಳ್ಳುತ್ತದೆ. ಕಟ್ಟುವ ಕೆಲಸವನ್ನು ಕುರಿತು ವಿಜ್ಞಾನಿಗಳು ಬಹುಕಾಲ ಬಹಳವಾಗಿ ಚಿಂತಿಸಿದರು. ಒಡೆಯುವ ಕೆಲಸದ ಕಡೆಗೆ ಅಷ್ಟಾಗಿ ಗಮನ ಹರಿಸಲಿಲ್ಲ. ಆ ಕಡೆಗೆ ಕಣ್ಣು ಹಾಯಿಸಿ, ಜೀವನದ ಬಹುಭಾಗವನ್ನು ಅದಕ್ಕೇ ಮೀಸಲಿಟ್ಟವರಲ್ಲಿ ಜಪಾನ್ ದೇಶದ ಯೊಶಿನೊರಿ ಓಸುಮಿಯವರು ಅಗ್ರಗಣ್ಯರು.

ಜೀವಕೋಶದೊಳಗೆ ಜೀರ್ಣಕಾರಿ ಕಿಣ್ವಗಳನ್ನು ತುಂಬಿಕೊಂಡ ಸಣ್ಣ ಚೀಲಗಳಿವೆ ಎಂಬುದು ಓಸುಮಿಯವರಿಗಿಂತ ಮೊದಲೇ ತಿಳಿದಿದ್ದಿತು. ೧೯೫೫ರಲ್ಲಿ ಬೆಲ್ಜಿಯಂ ದೇಶದ ವಿಜ್ಞಾನಿ ಕ್ರಿಸ್ಟಿಯನ್ ದ ದೂವ್ ಅವರು ಆ ಚೀಲಗಳಿಗೆ ಲೈಸೋಸೋಮ್ ಎಂದು ಹೆಸರಿಟ್ಟರು. ಜೀವಕೋಶವು ತನ್ನದೇ ಭಾಗಗಳನ್ನು ಪೊರೆಯಲ್ಲಿ ಸುತ್ತಿ ಈ ಚೀಲಗಳಿಗೆ ಒಪ್ಪಿಸಿ ಕರಗಿಸುವ ಕ್ರಿಯೆಯನ್ನು ಅವರು ೧೯೬೩ರಲ್ಲಿ ‘ಆಟೊಫ್ಯಾಜಿ’ ಎಂದು ಕರೆದರು. ಗ್ರೀಕ್ ಭಾಷೆಯಿಂದ ಬಂದ ಈ ಮಾತಿಗೆ ತನ್ನನ್ನು ತಾನೇ ತಿನ್ನುವುದು ಎಂದು ಅರ್ಥ. ಕನ್ನಡದಲ್ಲಿ ಇದನ್ನು ಸ್ವಭಕ್ಷಣೆ ಎನ್ನಬಹುದು. ದ ದೂವ್ ಅವರು ೧೯೭೪ರಲ್ಲಿ ಇನ್ನಿಬ್ಬರೊಡನೆ ನೊಬೆಲ್ ಪಾರಿತೋಷಕವನ್ನು ಪಡೆದರು. ಆದರೂ ಸ್ವಭಕ್ಷಣೆಯ ಮರ್ಮವು ಮುಂದೆ ಬಹಳ ಕಾಲ ತಿಳಿಯಲಿಲ್ಲ. ಅದು ಯಾವಾಗ ಆರಂಭವಾಗುತ್ತದೆ, ಯಾವ ವಂಶವಾಹಿಗಳು ಅದನ್ನು ನಡೆಸುತ್ತವೆ, ಅದು ನಿಂತುಹೋದರೆ ಜೀವಿಗೆ ಏನಾಗುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರವಿರಲಿಲ್ಲ.

ಓಸುಮಿಯವರು ಜಪಾನಿನ ಫುಕುವೊಕ ನಗರದಲ್ಲಿ ೧೯೪೫ನೆಯ ಇಸವಿ ಫೆಬ್ರವರಿ ೯ರಂದು ಜನಿಸಿದರು. ಎರಡನೆಯ ಮಹಾಯುದ್ಧ ಮುಗಿಯಲು ಆಗ ಇನ್ನೂ ಆರು ತಿಂಗಳಿದ್ದಿತು. ತಂದೆ ಕ್ಯೂಷು ವಿಶ್ವವಿದ್ಯಾನಿಲಯದಲ್ಲಿ ಇಂಜಿನಿಯರಿಂಗ್ ಶಾಸ್ತ್ರದ ಪ್ರಾಧ್ಯಾಪಕರು. ವಿದ್ಯಾವಂತರ ಮನೆಯಾದರೂ ಯುದ್ಧಾನಂತರದ ಅಭಾವ ಆ ಮನೆಯನ್ನೂ ಬಿಡಲಿಲ್ಲ. ತಾಯಿ ಕ್ಷಯರೋಗಕ್ಕೆ ತುತ್ತಾಗಿ ಬಹುಕಾಲ ಹಾಸಿಗೆ ಹಿಡಿದಿದ್ದರು. ನಾಲ್ವರು ಮಕ್ಕಳಲ್ಲಿ ಕಿರಿಯರಾದ ಯೊಶಿನೊರಿಯವರು ಊರ ಹೊರಗಿನ ಹೊಲ ಹೊಳೆಗಳ ನಡುವೆ ಕೀಟಗಳನ್ನು ಹಿಡಿಯುತ್ತ, ಗಿಡಗಳನ್ನು ನೋಡುತ್ತ ಬೆಳೆದರು. ಟೋಕಿಯೋದಲ್ಲಿ ಓದುತ್ತಿದ್ದ ಅಣ್ಣನು ಊರಿಗೆ ಬರುವಾಗಲೆಲ್ಲ ತಮ್ಮನಿಗೆ ವಿಜ್ಞಾನದ ಪುಸ್ತಕಗಳನ್ನು ತಂದುಕೊಡುತ್ತಿದ್ದನು. ಮೇಣದಬತ್ತಿಯ ಉರಿಯನ್ನು ಕುರಿತು ಮೈಕೇಲ್ ಫ್ಯಾರಡೆಯವರು ನೀಡಿದ ಉಪನ್ಯಾಸಗಳ ಪುಸ್ತಕವೂ ಅವುಗಳಲ್ಲಿ ಒಂದು. ಒಂದು ಸಾಮಾನ್ಯ ಮೇಣದಬತ್ತಿಯಲ್ಲಿ ಎಷ್ಟೊಂದು ನಿಯಮಗಳು ಅಡಗಿವೆ ಎಂಬುದನ್ನು ಹೇಳುವ ಆ ಪುಸ್ತಕವನ್ನು ಅವರು ಎಂದೂ ಮರೆಯಲಿಲ್ಲ.

ಅವರು ಟೋಕಿಯೋ ವಿಶ್ವವಿದ್ಯಾನಿಲಯಕ್ಕೆ ರಸಾಯನಶಾಸ್ತ್ರ ಓದಬೇಕೆಂದು ಬಂದರು. ಆ ಶಾಸ್ತ್ರದಲ್ಲಿ ತಾವು ಹೊಸದಾಗಿ ಕಾಣಬಹುದಾದುದು ಕಡಮೆ ಎಂದು ತೋರಿದುದರಿಂದ, ಆಗತಾನೆ ಕಣ್ತೆರೆಯುತ್ತಿದ್ದ ಅಣುಜೀವಶಾಸ್ತ್ರದ ಕಡೆಗೆ ತಿರುಗಿದರು. ೧೯೬೭ರಲ್ಲಿ ಪದವಿಯನ್ನೂ, ೧೯೭೪ರಲ್ಲಿ ಡಾಕ್ಟರೇಟನ್ನೂ ಪಡೆದರು. ಆದರೆ ತಕ್ಕ ಕೆಲಸ ಸ್ವದೇಶದಲ್ಲಿ ದೊರೆಯಲಿಲ್ಲ. ಗುರುಗಳ ಸಲಹೆಯಂತೆ ಅವರು ನ್ಯೂಯಾರ್ಕಿನ ರಾಕೆಫೆಲರ್ ವಿಶ್ವವಿದ್ಯಾನಿಲಯಕ್ಕೆ ಹೋಗಿ, ನೊಬೆಲ್ ವಿಜೇತ ಜೆರಾಲ್ಡ್ ಎಡಲ್ಮನ್ ಅವರ ಪ್ರಯೋಗಶಾಲೆಯನ್ನು ಸೇರಿದರು. ಅಲ್ಲಿ ಅವರಿಗೆ ಒಪ್ಪಿಸಿದುದು ಇಲಿಯ ಅಂಡಾಣುಗಳ ಕೆಲಸ. ಆ ವಿಷಯದಲ್ಲಿ ಅವರಿಗೆ ಪೂರ್ವಜ್ಞಾನವಿರಲಿಲ್ಲ. ಪ್ರಯೋಗಕ್ಕೆ ದೊರೆಯುತ್ತಿದ್ದ ಅಂಡಾಣುಗಳೂ ಅತಿ ಕಡಮೆ. ದಿನಗಳು ನಿರಾಶೆಯಲ್ಲಿ ಕಳೆದುವು. ಕೊನೆಗೆ ಅವರು ಆ ಕೆಲಸವನ್ನು ಬಿಟ್ಟು ಯೀಸ್ಟಿನ ಅಧ್ಯಯನವನ್ನು ಕೈಗೊಂಡರು. ಸೋಲಿನ ಬೆನ್ನಿಗೇ ಬಂದ ಈ ಬದಲಾವಣೆ ಅವರ ಜೀವನದ ದಾರಿಯನ್ನು ನಿರ್ಧರಿಸಿತು.

ಯೀಸ್ಟ್ ಎಂಬುದು ಒಂದೇ ಕೋಶದ ಜೀವಿ. ಈಚಲು ಮರದಿಂದ ಇಳಿಸಿದ ಸಿಹಿಯಾದ ನೀರಾ ಹೊತ್ತೇರುತ್ತಲೇ ಹುಳಿತು ಹೆಂಡವಾಗುವುದೂ, ಬೇಕರಿಯಲ್ಲಿ ರೊಟ್ಟಿಯ ಹಿಟ್ಟು ಉಬ್ಬುವುದೂ ಮುಖ್ಯವಾಗಿ ಇದರಿಂದಲೇ. ಸುಮಾರು ೨೦೦ ಯೀಸ್ಟ್ ಕೋಶಗಳನ್ನು ಸಾಲಾಗಿ ಇಟ್ಟರೆ ಒಂದು ಮಿಲಿಮೀಟರ್ ಉದ್ದವಾಗುತ್ತದೆ. ಇಷ್ಟು ಚಿಕ್ಕದಾದರೂ ಅದರ ಕೋಶದ ರಚನೆಯು ಅನೇಕ ಮುಖ್ಯ ಅಂಶಗಳಲ್ಲಿ ಮನುಷ್ಯನ ಕೋಶದ ರಚನೆಯನ್ನೇ ಹೋಲುತ್ತದೆ. ಅದು ಬಲುಬೇಗ ಬೆಳೆಯುತ್ತದೆ. ಅದನ್ನು ಸಾಕುವ ಖರ್ಚೂ ಕಡಮೆ.

ಓಸುಮಿಯವರು ೧೯೭೭ರ ಕೊನೆಯಲ್ಲಿ ಟೋಕಿಯೋ ವಿಶ್ವವಿದ್ಯಾನಿಲಯಕ್ಕೆ ಹಿಂದಿರುಗಿ, ಸಂಶೋಧನಾ ಸಹಾಯಕರಾದರು. ಯೀಸ್ಟಿನ ಒಳಗೆ ರಸದಾನಿ ಎಂಬ ದೊಡ್ಡ ಚೀಲವೊಂದುಂಟು. ಅದನ್ನು ಕೋಶದ ತಿಪ್ಪೆಗುಂಡಿ ಎಂದು ತಿಳಿದು ಹೆಚ್ಚಿನ ವಿಜ್ಞಾನಿಗಳು ಉದಾಸೀನ ಮಾಡಿದ್ದರು. ನೂರು ಜನ ಓಡುವ ದಾರಿಯಲ್ಲಿ ತಾವೂ ಓಡಿ ಪೈಪೋಟಿ ನಡೆಸುವುದು ಓಸುಮಿಯವರ ಸ್ವಭಾವಕ್ಕೆ ಒಗ್ಗದು. ಯಾರೂ ನೋಡದ ಕಡೆಯಲ್ಲಿ ನಿಂತು ನಿಧಾನವಾಗಿ ನೋಡುವುದೇ ಅವರಿಗೆ ಪ್ರಿಯ. ಆದುದರಿಂದ ಅವರು ಆ ರಸದಾನಿಯನ್ನೇ ಆರಿಸಿಕೊಂಡು, ಅದರ ಪೊರೆಯ ಮೂಲಕ ಪದಾರ್ಥಗಳು ಹೇಗೆ ಒಳಗೆ ಹೋಗಿಬರುತ್ತವೆ ಎಂಬುದನ್ನು ಸುಮಾರು ಹತ್ತು ವರ್ಷ ಅಭ್ಯಸಿಸಿದರು.

೧೯೮೮ರಲ್ಲಿ, ತಮ್ಮ ನಾಲ್ವತ್ತಮೂರನೆಯ ವಯಸ್ಸಿನಲ್ಲಿ, ಅವರು ಸಹ ಪ್ರಾಧ್ಯಾಪಕರಾಗಿ ಸ್ವಂತದ ಒಂದು ಚಿಕ್ಕ ಪ್ರಯೋಗಶಾಲೆಯನ್ನು ಆರಂಭಿಸಿದರು. ವಿಜ್ಞಾನದ ಲೋಕದಲ್ಲಿ ಇದು ತಡವಾದ ಆರಂಭ. ಈ ವಯಸ್ಸಿಗೆ ಅನೇಕರು ಹೆಸರಾಂತ ಪ್ರಾಧ್ಯಾಪಕರಾಗಿರುತ್ತಾರೆ. ಇಂತಹ ಸಮಯದಲ್ಲಿ ಹಳೆಯ ವಿಷಯವನ್ನೇ ಮುಂದುವರಿಸಿದ್ದರೆ ದಾರಿ ಸುಗಮವಾಗಿರುತ್ತಿತ್ತು. ಅವರು ಹಾಗೆ ಮಾಡದೆ ಹೊಸ ಪ್ರಶ್ನೆಯನ್ನು ಎತ್ತಿಕೊಂಡರು. ರಸದಾನಿಯಲ್ಲಿ ಜೀರ್ಣಕಾರಿ ಕಿಣ್ವಗಳು ತುಂಬಿವೆ. ಅಂದಮೇಲೆ ಅದು ಬರಿಯ ತಿಪ್ಪೆಗುಂಡಿಯಾಗಿರಲಾರದು, ಏನನ್ನೋ ಒಡೆಯುತ್ತಿರಬೇಕು. ಅದು ಏನನ್ನು ಒಡೆಯುತ್ತದೆ? ಯಾವಾಗ ಒಡೆಯುತ್ತದೆ?

ಅವರು ಯೋಚಿಸಿದ ಬಗೆ ಸರಳವಾದುದು. ಆಹಾರ ದೊರೆಯದಿದ್ದಾಗ ಯೀಸ್ಟ್ ಕೋಶವು ತನ್ನನ್ನು ತಾನು ಒಡೆದುಕೊಳ್ಳಲೇಬೇಕು. ಆದರೆ ಒಡೆಯುವ ಕೆಲಸ ಬಹುಬೇಗ ಮುಗಿದುಹೋಗುವುದರಿಂದ ಅದು ಕಣ್ಣಿಗೆ ಬೀಳುವುದಿಲ್ಲ. ಗಿರಣಿ ನಡೆಯುತ್ತಿರುವಾಗ ಬಂದ ಚೀಲಗಳು ಬಂದಂತೆಯೇ ಖಾಲಿಯಾಗುತ್ತವೆ. ಗಿರಣಿ ನಿಂತರೆ ಚೀಲಗಳು ಬಾಗಿಲವರೆಗೆ ರಾಶಿ ಬೀಳುತ್ತವೆ. ಯಾರು ಬೇಕಾದರೂ ಅವುಗಳನ್ನು ಎಣಿಸಬಹುದು. ಅದರಂತೆಯೇ ರಸದಾನಿಯ ಕಿಣ್ವಗಳನ್ನು ಕೆಲಸ ಮಾಡದಂತೆ ನಿಲ್ಲಿಸಿದರೆ, ಒಡೆಯುವುದಕ್ಕಾಗಿ ಒಳಗೆ ಬಂದ ವಸ್ತುಗಳು ಅಲ್ಲಿಯೇ ಉಳಿದು ಕಾಣಿಸಿಕೊಳ್ಳಬೇಕು ಎಂದು ಅವರು ತರ್ಕಿಸಿದರು.

ಅಂತಹ ಕಿಣ್ವಗಳಿಲ್ಲದ ಯೀಸ್ಟ್ ತಳಿಯೊಂದನ್ನು ಅವರು ಬೆಳೆಸಿ, ಸಾರಜನಕವಿಲ್ಲದ ದ್ರವದಲ್ಲಿ ಇಟ್ಟು ಉಪವಾಸ ಕೆಡವಿದರು. ಸಾಮಾನ್ಯವಾದ ಸೂಕ್ಷ್ಮದರ್ಶಕದ ಮುಂದೆ ಕುಳಿತು ನೋಡತೊಡಗಿದರು. ಅರ್ಧ ಗಂಟೆ ಕಳೆಯಿತು. ಖಾಲಿಯಾಗಿದ್ದ ರಸದಾನಿಯಲ್ಲಿ ಚಿಕ್ಕ ಚಿಕ್ಕ ಗುಂಡುಗಳು ಕಾಣಿಸಿಕೊಂಡುವು. ಅವು ಒಂದೆಡೆ ನಿಲ್ಲದೆ ಸದಾ ಮಿಸುಕಾಡುತ್ತಿದ್ದುವು. ಸಮಯ ಕಳೆದಂತೆ ಗುಂಡುಗಳ ಸಂಖ್ಯೆ ಹೆಚ್ಚಿತು. ಮೂರು ಗಂಟೆಗಳಲ್ಲಿ ರಸದಾನಿಯು ಅವುಗಳಿಂದ ತುಂಬಿಹೋಯಿತು. ಹಸಿದ ಕೋಶವು ತನ್ನ ಒಡಲಿನ ಭಾಗಗಳನ್ನು ಪೊಟ್ಟಣ ಕಟ್ಟಿ ರಸದಾನಿಗೆ ಸಾಗಿಸುತ್ತಿರುವುದನ್ನು ಓಸುಮಿಯವರು ಕಣ್ಣಾರೆ ಕಂಡರು. ಗಂಟೆಗಟ್ಟಲೆ ಅವರು ಆ ನೋಟದಿಂದ ಕಣ್ಣು ತೆಗೆಯಲಿಲ್ಲ. ಅನಂತರ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ, ಆ ಗುಂಡುಗಳೊಳಗೆ ಕೋಶದ ಒಳದ್ರವ ಮೊದಲಾದ ಭಾಗಗಳೇ ಇರುವುದು ಖಚಿತವಾಯಿತು. ಈ ಫಲಿತಾಂಶವು ೧೯೯೨ರಲ್ಲಿ ಪ್ರಕಟವಾಯಿತು.

ಸ್ವಭಕ್ಷಣೆಯನ್ನು ಕಂಡುದಾಯಿತು. ಅದನ್ನು ನಡೆಸುವ ವಂಶವಾಹಿಗಳನ್ನು ಕಂಡುಹಿಡಿಯುವುದು ಮುಂದಿನ ಕೆಲಸ. ಇದಕ್ಕೂ ಆ ಗುಂಡುಗಳೇ ಸಾಧನವಾದುವು. ರಾಸಾಯನಿಕ ವಸ್ತುವಿನಿಂದ ಯೀಸ್ಟಿನ ವಂಶವಾಹಿಗಳಲ್ಲಿ ಅಲ್ಲಲ್ಲಿ ಕೇಡು ಉಂಟುಮಾಡಿ, ಆ ಕೋಶಗಳನ್ನು ಉಪವಾಸ ಕೆಡವಿ ನೋಡಬೇಕು. ಯಾವ ಕೋಶದಲ್ಲಿ ಗುಂಡುಗಳು ಕಾಣಿಸುವುದಿಲ್ಲವೋ, ಅಲ್ಲಿ ಸ್ವಭಕ್ಷಣೆಗೆ ಅಗತ್ಯವಾದ ಯಾವುದೋ ಒಂದು ವಂಶವಾಹಿ ಕೆಟ್ಟಿದೆ ಎಂದು ಅರ್ಥ. ಮಿಕಿ ತ್ಸುಕಾದ ಎಂಬ ವಿದ್ಯಾರ್ಥಿನಿ ಗುರುಗಳೊಡನೆ ಈ ಕೆಲಸಕ್ಕೆ ಕುಳಿತರು. ಸಾವಿರಾರು ತಳಿಗಳನ್ನು ತಾಳ್ಮೆಯಿಂದ ಪರೀಕ್ಷಿಸಿದ ಮೇಲೆ ಗುಂಡುಗಳನ್ನು ಕಟ್ಟಲಾರದ ತಳಿಯೊಂದು ದೊರೆಯಿತು. ಆ ತಳಿಯಲ್ಲಿ ಇನ್ನೊಂದು ವಿಶೇಷ ಕಂಡುಬಂದಿತು. ಆಹಾರವಿದ್ದಾಗ ಅದು ಎಲ್ಲ ಯೀಸ್ಟಿನಂತೆಯೇ ಬೆಳೆಯುತ್ತಿದ್ದಿತು. ಉಪವಾಸ ಬಿದ್ದೊಡನೆ ಉಳಿದುವುಗಳಿಗಿಂತ ಬೇಗ ಸಾಯುತ್ತಿದ್ದಿತು. ಸ್ವಭಕ್ಷಣೆಯು ಕೋಶದ ನಾಶಕ್ಕಾಗಿ ಇರದೆ, ಅದರ ಉಳಿವಿಗಾಗಿಯೇ ಇದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿರಲಿಲ್ಲ. ಈ ಗುರುತನ್ನೇ ಹಿಡಿದು ಹುಡುಕಿದಾಗ ಒಟ್ಟು ೧೫ ವಂಶವಾಹಿಗಳು ಪತ್ತೆಯಾದುವು. ಗುರುಶಿಷ್ಯರಿಬ್ಬರ ಆ ಲೇಖನವು ೧೯೯೩ರಲ್ಲಿ ಅಚ್ಚಾಯಿತು. ಕೆಲವೇ ಪುಟಗಳ ಲೇಖನವದು. ಇಂದು ಈ ಶಾಸ್ತ್ರದ ಬುನಾದಿ ಎಂದು ಅದನ್ನು ಎಣಿಸುತ್ತಾರೆ.

೧೯೯೬ರಲ್ಲಿ ಓಸುಮಿಯವರು ಒಕಜಾಕಿಯ ರಾಷ್ಟ್ರೀಯ ಮೂಲ ಜೀವವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಹೋದರು. ಪತ್ತೆಯಾದ ವಂಶವಾಹಿಗಳಿಂದ ಆಗುವ ಪ್ರೋಟೀನುಗಳು ಏನು ಮಾಡುತ್ತವೆ ಎಂಬುದನ್ನು ತಿಳಿಯುವ ಕೆಲಸ ಅಲ್ಲಿ ಭರದಿಂದ ನಡೆಯಿತು. ವೈದ್ಯಶಾಸ್ತ್ರ ಓದಿ ಸಂಶೋಧನೆಗೆ ಬಂದಿದ್ದ ನೊಬೊರು ಮಿಜುಶಿಮ, ತಮೊತ್ಸು ಯೊಶಿಮೊರಿ ಮೊದಲಾದವರು ಅವರ ಜೊತೆ ಸೇರಿದರು. ಕೋಶದೊಳಗೆ ಮೊದಲು ಬಟ್ಟಲಿನಂತಹ ಒಂದು ಪೊರೆ ಹುಟ್ಟುತ್ತದೆ. ಅದು ಬೆಳೆಯುತ್ತ ಬಾಗಿ, ಕರಗಿಸಬೇಕಾದ ವಸ್ತುವನ್ನು ಸುತ್ತುವರಿದು, ಬಾಯಿ ಮುಚ್ಚಿ, ಎರಡು ಪದರಗಳ ಪೊಟ್ಟಣವಾಗುತ್ತದೆ. ಆ ಪೊಟ್ಟಣವು ರಸದಾನಿಯೊಡನೆ ಕೂಡಿಕೊಂಡು ಒಳಗಿನ ವಸ್ತುವನ್ನು ಕಿಣ್ವಗಳಿಗೆ ಒಪ್ಪಿಸುತ್ತದೆ. ಮನುಷ್ಯನ ಕೋಶದಲ್ಲಿ ರಸದಾನಿಯ ಬದಲು ಲೈಸೋಸೋಮ್ ಈ ಕೆಲಸವನ್ನು ಮಾಡುತ್ತದೆ. ಪೊರೆಯನ್ನು ಬೆಳೆಸುವುದಕ್ಕೆ ಹಲವು ಪ್ರೋಟೀನುಗಳು ಒಂದಕ್ಕೊಂದು ಅಂಟಿಕೊಂಡು ದುಡಿಯುತ್ತವೆ ಎಂಬುದನ್ನು ಈ ತಂಡವು ೧೯೯೮ರಲ್ಲಿ ತೋರಿಸಿತು. ಮರುವರ್ಷ, ಎಂದರೆ ೧೯೯೯ರಲ್ಲಿ, ಆ ಗುಂಪಿಗೆ ಸೇರಿದ ಮತ್ತೊಂದು ಪ್ರೋಟೀನು ಪತ್ತೆಯಾಯಿತು. ಅದಕ್ಕೆ ಈಗ ಎ.ಟಿ.ಜಿ. ೧೬ ಎಂದು ಹೆಸರು. ಗೋಡೆ ಕಟ್ಟುವಲ್ಲಿ ಮೇಸ್ತ್ರಿಯು ಮುಂದಿನ ಕಲ್ಲನ್ನು ಎಲ್ಲಿ ಇಡಬೇಕೆಂದು ತೋರಿಸುವಂತೆ, ಪೊರೆಯ ಮುಂದಿನ ಭಾಗ ಎಲ್ಲಿ ಬೆಳೆಯಬೇಕು ಎಂಬುದನ್ನು ಈ ಪ್ರೋಟೀನು ಗೊತ್ತುಮಾಡುತ್ತದೆ. ಈ ಹೆಸರನ್ನು ನೆನಪಿನಲ್ಲಿಡಬೇಕು. ಮುಂದೆ ಇದೇ ಹೆಸರು ಆಸ್ಪತ್ರೆಯ ಹಾಸಿಗೆಯ ಬಳಿ ಕೇಳಿಬರಲಿದೆ.

ಯೀಸ್ಟಿನ ಈ ವಂಶವಾಹಿಗಳನ್ನು ಹೋಲುವಂತಹವು ಇಲಿಯಲ್ಲಿಯೂ ಮನುಷ್ಯನಲ್ಲಿಯೂ ಇರುವುದು ಕ್ರಮೇಣ ತಿಳಿದುಬಂದಿತು. ಹುಟ್ಟಿದ ಇಲಿಮರಿಗೆ ತಾಯಿಯ ಒಡಲಿನ ಪೋಷಣೆ ತಪ್ಪಿ, ಹಾಲು ಇನ್ನೂ ದೊರೆಯದಿರುವ ಕೆಲವು ಗಂಟೆಗಳಲ್ಲಿ ಅದನ್ನು ಕಾಯುವುದು ಸ್ವಭಕ್ಷಣೆಯೇ ಎಂಬುದನ್ನು ಮಿಜುಶಿಮ ಮತ್ತು ಅವರ ಸಂಗಡಿಗರು ೨೦೦೪ರಲ್ಲಿ ತೋರಿಸಿದರು. ಅದಕ್ಕೆ ಬೇಕಾದ ಒಂದು ವಂಶವಾಹಿಯಿಲ್ಲದೆ ಹುಟ್ಟಿದ ಮರಿಗಳು ಒಂದು ದಿನದೊಳಗೆ ಸತ್ತುಹೋದುವು. ಕೋಶದೊಳಗೆ ನುಗ್ಗಿದ ಕೆಲವು ರೋಗಕಾರಕ ಬ್ಯಾಕ್ಟೀರಿಯಗಳನ್ನೂ ಇದೇ ಪೊರೆಯು ಸುತ್ತಿ ಕೊಲ್ಲುತ್ತದೆ ಎಂಬುದು ಅದೇ ವರ್ಷ ತಿಳಿಯಿತು. ಬರಗಾಲದಲ್ಲಿ ಮನೆಯನ್ನು ನಡೆಸುವ ಕೈಯೇ ಕಳ್ಳನನ್ನೂ ಹಿಡಿಯುತ್ತದೆ ಎಂದಂತಾಯಿತು.

ಕಳ್ಳರ ಭಯ ಅತಿ ಹೆಚ್ಚಾಗಿರುವ ಸ್ಥಳ ನಮ್ಮ ಕರುಳು. ಅದರೊಳಗೆ ಕೋಟಿಗಟ್ಟಲೆ ಬ್ಯಾಕ್ಟೀರಿಯಗಳು ವಾಸಿಸುತ್ತವೆ. ಅವುಗಳಲ್ಲಿ ಬಹುಪಾಲು ನಮಗೆ ಉಪಕಾರಿಗಳೇ. ಆದರೆ ಅವು ತಮ್ಮ ಸ್ಥಳದಲ್ಲಿಯೇ ಇರಬೇಕು. ಅವುಗಳಿಗೂ ನಮ್ಮ ಶರೀರದ ಒಳಭಾಗಕ್ಕೂ ನಡುವೆ ಇರುವುದು ಒಂದೇ ಒಂದು ಸಾಲು ಕೋಶಗಳ ತೆಳುವಾದ ಗೋಡೆ. ಕೆಲವರಲ್ಲಿ ಈ ಗಡಿಯ ಕಾವಲು ಹದ ತಪ್ಪುತ್ತದೆ. ಗಾಯವಾದ ಜಾಗ ಕೆಂಪೇರಿ, ಬಿಸಿಯಾಗಿ, ಊದಿಕೊಂಡು ನೋಯುವುದನ್ನು ಉರಿಯೂತ ಎನ್ನುತ್ತಾರೆ. ಶರೀರದ ರಕ್ಷಣಾಪಡೆ ಅಲ್ಲಿ ಯುದ್ಧಕ್ಕೆ ನಿಂತಿದೆ ಎಂಬುದಕ್ಕೆ ಅದು ಗುರುತು. ಯುದ್ಧ ಮುಗಿದ ಮೇಲೆ ಪಡೆ ಹಿಂದಿರುಗಬೇಕು. ಅದು ಹಿಂದಿರುಗದೆ ವರ್ಷಗಟ್ಟಲೆ ಕರುಳಿನಲ್ಲಿಯೇ ಬೀಡುಬಿಟ್ಟರೆ ಶತ್ರುವಿಗಿಂತ ಹೆಚ್ಚಿನ ಹಾನಿಯನ್ನು ಅದೇ ಮಾಡುತ್ತದೆ. ಇಂತಹ ಕಾಯಿಲೆಗಳಲ್ಲಿ ಒಂದು ಕ್ರೋನ್ ರೋಗ. ೧೯೩೨ರಲ್ಲಿ ನ್ಯೂಯಾರ್ಕಿನ ಮೌಂಟ್ ಸಿನಾಯ್ ಆಸ್ಪತ್ರೆಯ ಬರಿಲ್ ಕ್ರೋನ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಇದನ್ನು ವಿವರಿಸಿದುದರಿಂದ ಆ ಹೆಸರು ಬಂದಿತು. ಹೊಟ್ಟೆನೋವು, ಭೇದಿ, ಮೈ ಬಡವಾಗುವುದು ಇದರ ಲಕ್ಷಣಗಳು. ಎಷ್ಟೋ ಸಲ ಇದು ಹರೆಯದಲ್ಲಿಯೇ ತಲೆದೋರುತ್ತದೆ. ಓದುವ, ಆಡುವ, ದುಡಿಯಲು ತೊಡಗುವ ವಯಸ್ಸಿನವರನ್ನು ಇದು ಮತ್ತೆ ಮತ್ತೆ ಹಾಸಿಗೆಗೆ ಕೆಡವುತ್ತದೆ. ನಮ್ಮ ದೇಶದಲ್ಲಿಯೂ ಇಂತಹ ಕಾಯಿಲೆಗಳು ಮೊದಲಿಗಿಂತ ಹೆಚ್ಚಾಗಿ ಕಂಡುಬರುತ್ತಿವೆ.

ಕ್ರೋನ್ ರೋಗಕ್ಕೂ ಯೀಸ್ಟಿಗೂ ಏನು ಸಂಬಂಧ ಎಂದು ೧೯೯೯ರಲ್ಲಿ ಯಾರನ್ನಾದರೂ ಕೇಳಿದ್ದರೆ ಅವರು ನಕ್ಕುಬಿಡುತ್ತಿದ್ದರೋ ಏನೋ. ಯೀಸ್ಟಿಗೆ ಕರುಳೇ ಇಲ್ಲವಲ್ಲ! ಆದರೆ ೨೦೦೭ರಲ್ಲಿ ಜರ್ಮನಿಯ ಮತ್ತು ಉತ್ತರ ಅಮೆರಿಕದ ಸಂಶೋಧಕರು ಬೇರೆಬೇರೆಯಾಗಿ ಒಂದೇ ಉತ್ತರಕ್ಕೆ ಬಂದರು. ಅವರು ಅನೇಕ ರೋಗಿಗಳ ಮತ್ತು ಆರೋಗ್ಯವಂತರ ವಂಶವಾಹಿಗಳನ್ನು ಹೋಲಿಸಿ ನೋಡಿದ್ದರು. ಮನುಷ್ಯನಲ್ಲಿರುವ ಎ.ಟಿ.ಜಿ. ೧೬ರ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಕ್ರೋನ್ ರೋಗದ ಸಂಭವ ಹೆಚ್ಚುತ್ತದೆ ಎಂಬುದು ಅವರಿಗೆ ಕಂಡಿತು. ಆ ಬದಲಾವಣೆಯಿಂದ ಪ್ರೋಟೀನಿನ ಸರಪಳಿಯಲ್ಲಿ ೩೦೦ನೆಯ ಕೊಂಡಿ ಬೇರೆಯಾಗುತ್ತದೆ. ಹಾಗೆ ಬದಲಾದ ಪ್ರೋಟೀನನ್ನು, ಕೋಶವು ಸಂಕಟದಲ್ಲಿರುವಾಗ, ಒಂದು ಕಿಣ್ವವು ಸುಲಭವಾಗಿ ಕತ್ತರಿಸಿಬಿಡುತ್ತದೆ ಎಂಬುದು ೨೦೧೪ರಲ್ಲಿ ತಿಳಿಯಿತು. ಮೇಸ್ತ್ರಿಯು ಅತ್ಯಗತ್ಯವಾಗಿ ಬೇಕಾದ ಹೊತ್ತಿನಲ್ಲಿಯೇ ಇಲ್ಲವಾಗುತ್ತಾನೆ.

ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಸಂಶೋಧಕರು ೨೦೦೮ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಸಣ್ಣ ಕರುಳಿನ ಗೋಡೆಯ ಕುಳಿಗಳ ತಳದಲ್ಲಿ ಪ್ಯಾನೆತ್ ಕೋಶಗಳೆಂಬ ಕಾವಲುಗಾರರಿದ್ದಾರೆ. ಬ್ಯಾಕ್ಟೀರಿಯಗಳನ್ನು ಕೊಲ್ಲುವ ವಸ್ತುಗಳನ್ನು ಇವು ಸಣ್ಣ ಕಾಳುಗಳಾಗಿ ಕೂಡಿಟ್ಟು, ಬೇಕಾದಾಗ ಹೊರಕ್ಕೆ ಬಿಡುತ್ತವೆ. ಎ.ಟಿ.ಜಿ. ೧೬ ಕಡಮೆಯಾದ ಇಲಿಗಳಲ್ಲಿ ಈ ಕಾಳುಗಳು ಅಸ್ತವ್ಯಸ್ತವಾಗಿದ್ದುವು. ವಂಶವಾಹಿಯಲ್ಲಿ ಆ ಬದಲಾವಣೆಯುಳ್ಳ ರೋಗಿಗಳ ಕರುಳಿನಲ್ಲಿಯೂ ಅಂತಹದೇ ದೋಷ ಕಂಡುಬಂದಿತು. ೨೦೧೦ರಲ್ಲಿ ಅದೇ ಸಂಶೋಧಕರು ಮತ್ತೂ ಒಂದು ಸಂಗತಿಯನ್ನು ಹೊರಗೆಡಹಿದರು. ಆ ದೋಷವು ಇಲಿಗಳಲ್ಲಿ ಕಾಣಿಸಿಕೊಳ್ಳಬೇಕಾದರೆ ವಂಶವಾಹಿಯ ಕೊರತೆಯೊಂದೇ ಸಾಲದು. ಒಂದು ಬಗೆಯ ವೈರಸ್ ಸೋಂಕೂ ಅದರೊಡನೆ ಸೇರಬೇಕಾಗಿದ್ದಿತು. ವಂಶವಾಹಿ ಬದಲಾಗಿದ್ದರೂ ಆರೋಗ್ಯವಾಗಿ ಬಾಳುವ ಜನ ಅನೇಕರು ಏಕೆ ಇದ್ದಾರೆ ಎಂಬುದನ್ನು ಅರಿಯಲು ಇದು ನೆರವಾಯಿತು. ಹುಟ್ಟಿನಿಂದ ಬಂದುದು ಅರ್ಧ ಕಾರಣವಾದರೆ, ಬದುಕಿನಲ್ಲಿ ಎದುರಾಗುವುದು ಉಳಿದರ್ಧ. ಈ ಬಗೆಯ ಕರುಳಿನ ಕಾಯಿಲೆಗಳಿಗೆ ಸಂಬಂಧಿಸಿದ ೨೦೦ಕ್ಕೂ ಹೆಚ್ಚಿನ ವಂಶವಾಹಿ ಸ್ಥಾನಗಳು ಈಗ ತಿಳಿದಿವೆ. ಎ.ಟಿ.ಜಿ. ೧೬ ಅವುಗಳಲ್ಲಿ ಒಂದು ಮಾತ್ರ.

ಓಸುಮಿಯವರು ಕರುಳಿನ ರೋಗಕ್ಕೆ ಮದ್ದು ಹುಡುಕಲು ಹೊರಟವರಲ್ಲ. ಸ್ವಭಕ್ಷಣೆಯನ್ನು ಸರಿಪಡಿಸಿ ಕ್ರೋನ್ ರೋಗವನ್ನು ಗುಣಪಡಿಸುವ ಔಷಧವು ಇನ್ನೂ ರೋಗಿಯ ಕೈಗೆ ಬಂದಿಲ್ಲ. ಯೀಸ್ಟನ್ನು ಉಪವಾಸ ಕೆಡವಿದ ಕಥೆಯನ್ನು ಕೇಳಿ, ಉಪವಾಸದಿಂದಲೇ ಎಲ್ಲ ರೋಗಗಳೂ ಗುಣವಾಗುತ್ತವೆ ಎಂದು ತಿಳಿಯುವುದೂ ತಪ್ಪು. ಕಾರಣವನ್ನು ಅರಿಯುವುದಕ್ಕೂ ರೋಗವನ್ನು ನೀಗುವುದಕ್ಕೂ ನಡುವೆ ದೀರ್ಘವಾದ ದಾರಿಯಿದೆ. ಆದರೆ ಕಾರಣವನ್ನೇ ಅರಿಯದವನು ಆ ದಾರಿಯಲ್ಲಿ ಕತ್ತಲೆಯಲ್ಲಿ ತಡವರಿಸುತ್ತಾನೆ. ಹರೆಯದ ರೋಗಿಯೊಬ್ಬನು ತನಗೇಕೆ ಈ ಕಾಯಿಲೆ ಬಂದಿತು ಎಂದು ಕೇಳಿದಾಗ, ಹಿಂದಿನ ವೈದ್ಯರಿಗಿಂತ ಇಂದಿನ ವೈದ್ಯರು ಸ್ವಲ್ಪ ಹೆಚ್ಚಿನದನ್ನು ಹೇಳಬಲ್ಲರು. ಆ ‘ಸ್ವಲ್ಪ ಹೆಚ್ಚಿನದರ’ ಒಂದು ಪಾಲು, ಹಿಂದೆ ಟೋಕಿಯೋದ ಚಿಕ್ಕ ಪ್ರಯೋಗಶಾಲೆಯಲ್ಲಿ ಮಿಸುಕಾಡಿದ ಆ ಗುಂಡುಗಳಿಂದ ಬಂದುದು.

ಓಸುಮಿಯವರು ೨೦೦೯ರಲ್ಲಿ ಟೋಕಿಯೋ ತಾಂತ್ರಿಕ ಸಂಸ್ಥೆಯನ್ನು ಸೇರಿದರು. ೨೦೧೨ರಲ್ಲಿ ಅವರಿಗೆ ಕ್ಯೋಟೊ ಪಾರಿತೋಷಕ ಸಂದಿತು. ೨೦೧೬ನೆಯ ಅಕ್ಟೋಬರ್ ೩ರಂದು ವೈದ್ಯವಿಜ್ಞಾನದ ನೊಬೆಲ್ ಪಾರಿತೋಷಕವು ಅವರೊಬ್ಬರಿಗೇ ಘೋಷಿತವಾಯಿತು. ಇತ್ತೀಚಿನ ದಿನಗಳಲ್ಲಿ ಈ ಪಾರಿತೋಷಕವನ್ನು ಇಬ್ಬರು ಮೂವರು ಹಂಚಿಕೊಳ್ಳುವುದೇ ಸಾಮಾನ್ಯ. ಆಗ ಅವರ ವಯಸ್ಸು ಎಪ್ಪತ್ತೊಂದು. ಕೀರ್ತಿಯ ಆ ದಿನಗಳಲ್ಲಿ ಅವರು ಎಲ್ಲರ ಮುಂದೆ ಆಡಿದುದು ಒಂದೇ ಚಿಂತೆಯ ಮಾತು. ಇದರಿಂದ ಈಗಲೇ ಏನು ಪ್ರಯೋಜನ ಎಂದು ಪ್ರತಿಯೊಂದು ಸಂಶೋಧನೆಯನ್ನೂ ಕೇಳುತ್ತಹೋದರೆ ವಿಜ್ಞಾನದ ಬೇರು ಒಣಗುತ್ತದೆ. ಪ್ರಯೋಜನವು ತಿಳಿಯಲು ಹತ್ತು ವರ್ಷ ಹಿಡಿಯಬಹುದು, ನೂರು ವರ್ಷವೂ ಹಿಡಿಯಬಹುದು ಎಂಬುದು ಆ ಮಾತಿನ ಸಾರ. ಮೂಲವಿಜ್ಞಾನದಲ್ಲಿ ದುಡಿಯುವವರಿಗೆ ಆಸರೆಯಾಗಲೆಂದು ೨೦೧೭ರಲ್ಲಿ ಅವರ ಹೆಸರಿನ ಒಂದು ಪ್ರತಿಷ್ಠಾನವೂ ಸ್ಥಾಪಿತವಾಯಿತು.

೧೯೮೮ರಲ್ಲಿ ಸೂಕ್ಷ್ಮದರ್ಶಕದ ಮುಂದೆ ಕುಳಿತಿದ್ದ ಓಸುಮಿಯವರ ಕಣ್ಮುಂದೆ ನೊಬೆಲ್ ಪಾರಿತೋಷಕವಿರಲಿಲ್ಲ, ರೋಗಿಗಳೂ ಇರಲಿಲ್ಲ. ಹಸಿದ ಜೀವಕೋಶವೊಂದು ಹೇಗೆ ಬದುಕುತ್ತದೆ ಎಂಬ ಕುತೂಹಲವೊಂದೇ ಇದ್ದಿತು. ಅವರು ಅವಸರಪಡದೆ ಗಂಟೆಗಟ್ಟಲೆ ನೋಡಿದರು. ತಾವು ಕಂಡುದನ್ನು ನಂಬಿದರು. ಉಳಿದುದೆಲ್ಲವೂ ಆ ನೋಟದ ಹಿಂದೆಯೇ ಬಂದಿತು.

ಪದಗಳ ಅರ್ಥ

ಅಗ್ರಗಣ್ಯ – ಮೊದಲಿಗನಾಗಿ ಎಣಿಸತಕ್ಕವನು
ಕಿಣ್ವ – ಜೀವಿಗಳಲ್ಲಿ ರಾಸಾಯನಿಕ ಕ್ರಿಯೆಗಳನ್ನು ಬೇಗ ನಡೆಸುವ ವಸ್ತು
ವಂಶವಾಹಿ – ತಂದೆತಾಯಿಗಳಿಂದ ಮಕ್ಕಳಿಗೆ ಗುಣಗಳನ್ನು ಒಯ್ಯುವ ಘಟಕ
ರಸದಾನಿ – ಜೀವಕೋಶದೊಳಗೆ ದ್ರವ ತುಂಬಿರುವ ಚೀಲ
ತಳಿ – ಒಂದೇ ಬಗೆಯ ಗುಣವುಳ್ಳ ಪೀಳಿಗೆ
ಬುನಾದಿ – ತಳಹದಿ, ಅಡಿಪಾಯ
ಹೊರಗೆಡಹು – ಬಯಲಿಗೆ ತರು
ನೀಗು – ಇಲ್ಲವಾಗಿಸು, ಕಳೆ

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿ.
೧. ಆಟೊಫ್ಯಾಜಿ ಎಂಬ ಹೆಸರನ್ನು ಇಟ್ಟವರು ಯಾರು?
೨. ಓಸುಮಿಯವರ ಅಣ್ಣ ತಂದುಕೊಟ್ಟ ಪುಸ್ತಕಗಳಲ್ಲಿ ಒಂದು ಯಾವ ವಿಷಯವನ್ನು ಕುರಿತುದು?
೩. ಪ್ಯಾನೆತ್ ಕೋಶಗಳು ಎಲ್ಲಿವೆ?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿ.
೧. ಗಿರಣಿಯ ಹೋಲಿಕೆಯನ್ನು ಲೇಖಕರು ಏಕೆ ಕೊಟ್ಟಿದ್ದಾರೆ?
೨. ಸ್ವಭಕ್ಷಣೆಯು ಕೋಶದ ಉಳಿವಿಗಾಗಿ ಇದೆ ಎಂಬುದು ಹೇಗೆ ತಿಳಿಯಿತು?
೩. ವಂಶವಾಹಿಯ ಬದಲಾವಣೆಯೊಂದೇ ರೋಗಕ್ಕೆ ಸಾಲದು ಎಂಬುದನ್ನು ವಿವರಿಸಿ.

ಇ. ಒಂದು ಪುಟಕ್ಕೆ ಮೀರದಂತೆ ಬರೆಯಿರಿ.
ಪ್ರಯೋಜನವನ್ನು ಎಣಿಸದೆ ಮಾಡಿದ ಕೆಲಸವೂ ಮುಂದೆ ಲೋಕಕ್ಕೆ ಉಪಕಾರಿಯ��ಗಬಲ್ಲದು ಎಂಬ ಮಾತನ್ನು ಓಸುಮಿಯವರ ಜೀವನದ ಆಧಾರದಿಂದ ಸಮರ್ಥಿಸಿ.

ಈ. ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿ.
ಮನೆಯನ್ನು, ಹೊತ್ತೇರು, ವಿದ್ಯಾರ್ಥಿನಿ, ಯುದ್ಧಾನಂತರ